ಕಾಣುವ ಅಕ್ಷರ, ಉಳಿಯುವ ಅಕ್ಷರ

ಮಕ್ಕಳ ಕಥೆಯೊಂದರ ನಾಯಕನ ಹೆಸರು ರಾಮ. ಕಥೆ ಪೂರ್ತಿ ಬರೆದಾದ ಮೇಲೆ ಲೇಖಕಿಗೆ ಆ ಹೆಸರು ಬೇಡವೆನಿಸುತ್ತದೆ. ಕೃಷ್ಣ ಎಂದಿದ್ದರೆ ಚೆನ್ನ. ಆನ್‌ಲೈನ್ ಬರವಣಿಗೆಯ ತಂತ್ರಾಂಶದಲ್ಲಿ ‘ಹುಡುಕಿ, ಬದಲಿಸಿ’ ಎಂಬ ಸೌಲಭ್ಯ ಇದ್ದೇ ಇದೆ. ಮೇಲಿನ ಚೌಕದಲ್ಲಿ ‘ರಾಮ’, ಕೆಳಗಿನ ಚೌಕದಲ್ಲಿ ‘ಕೃಷ್ಣ’, ಒಂದು ಕ್ಲಿಕ್. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯುತ್ತದೆ. ಏನಾಗಿದೆ ಎಂಬುದು ತಿಳಿಯುವುದು ಕಥೆಯನ್ನು ಮತ್ತೆ ಓದಿದಾಗಲೇ: ‘ಆರಾಮವಾಗಿ’ ಕುಳಿತಿದ್ದ ಅಜ್ಜ ಈಗ ‘ಆಕೃಷ್ಣವಾಗಿ’ ಕುಳಿತಿದ್ದಾನೆ, ಶಾಲೆಯಲ್ಲಿ ‘ವಿರಾಮ’ದ ಗಂಟೆಯ ಬದಲು ‘ವಿಕೃಷ್ಣ’ದ ಗಂಟೆ ಬಾರಿಸಿದೆ, ಇಡೀ ‘ಗ್ರಾಮ’ವೇ ‘ಗ್ಕೃಷ್ಣ’ ಆಗಿಹೋಗಿದೆ.

ಮೊದಲ ಎರಡು ಎಡವಟ್ಟುಗಳು ಯಾವ ಭಾಷೆಯಲ್ಲಾದರೂ ಆಗುವಂಥವು. ಮೂರನೆಯದು ಹಾಗಲ್ಲ. ‘ಗ್ರಾಮ’ ಎಂಬ ಪದವನ್ನು ಓದುವ ಕಣ್ಣಿಗೆ ಅಲ್ಲಿ ‘ರಾಮ’ ಕಾಣುವುದೇ ಇಲ್ಲ. ಕಾಣುವುದು ದೀರ್ಘವಿರುವ ಒಂದು ಗಕಾರ, ಅದರ ಕಾಲಬಳಿ ರಕಾರದ ಒತ್ತು, ಪಕ್ಕದಲ್ಲೊಂದು ಮಕಾರ. ಕಂಪ್ಯೂಟರಿನ ನೆನಪಿನಲ್ಲಿ ಅದೇ ಪದ ಗ, ಹಲಂತ ಚಿಹ್ನೆ, ರ, ಇಳಿ, ಮ ಎಂಬ ಐದು ತುಣುಕುಗಳಾಗಿ ಸಾಲಾಗಿ ಕುಳಿತಿರುತ್ತದೆ. ಆ ಸಾಲಿನ ಕೊನೆಯ ಮೂರು ಸೇರಿದರೆ ರಾಮ. ತಂತ್ರಾಂಶ ಹುಡುಕಿದ್ದು ಅದನ್ನೇ, ಬದಲಿಸಿದ್ದೂ ಅದನ್ನೇ.

ಇಂದು ಕನ್ನಡದಲ್ಲಿ ಬರೆಯುವ ಬಹಳಷ್ಟು ಜನ, ಪತ್ರಿಕೆಯ ಉಪಸಂಪಾದಕರಿಂದ ಹಿಡಿದು ಪಾಠದ ಟಿಪ್ಪಣಿ ಸಿದ್ಧಪಡಿಸುವ ಶಿಕ್ಷಕರವರೆಗೆ, ಬ್ರೌಸರಿನೊಳಗೇ ಬರೆಯುತ್ತಾರೆ, ಅಲ್ಲೇ ತಿದ್ದುತ್ತಾರೆ, ಅಲ್ಲೇ ಅಂದಗೊಳಿಸುತ್ತಾರೆ. ವಿಕಿಪೀಡಿಯ, ವರ್ಡ್‌ಪ್ರೆಸ್, ಗೂಗಲ್ ಡಾಕ್ಸ್‌ನಂಥ ಸಾಧನಗಳಲ್ಲಿ ಪರದೆಯ ಮೇಲೆ ಕಾಣುವ ಬರಹ ಒಂದು, ಒಳಗೆ ಉಳಿಯುವ ಬರಹ ಇನ್ನೊಂದು. ಕನ್ನಡದಲ್ಲಿ ಇವೆರಡರ ನಡುವಿನ ಅಂತರ ಇಂಗ್ಲಿಷಿಗಿಂತ ಹೆಚ್ಚು. ಆ ಅಂತರವನ್ನು ಅರಿತವರ ಬರಹ ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ, ಕಣ್ಣು ಕಾಣದವರಿಗೂ ಕೇಳುತ್ತದೆ.

ಏಳು ತುಣುಕಿನ ಕರ್ನಾಟಕ

ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆಯೇ ಯುನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು: 3200ರಿಂದ 3327ರವರೆಗೆ ಒಟ್ಟು 128 ಮನೆಗಳು. ಇವುಗಳಲ್ಲಿ ಸ್ವರಗಳಿವೆ, ವ್ಯಂಜನಗಳಿವೆ, ಕಾಗುಣಿತದ ಚಿಹ್ನೆಗಳಿವೆ, ಅಂಕಿಗಳಿವೆ. ಒತ್ತಕ್ಷರಗಳಿಗೆ ಮಾತ್ರ ಪ್ರತ್ಯೇಕ ಮನೆಗಳಿಲ್ಲ. ಎರಡು ವ್ಯಂಜನಗಳ ನಡುವೆ ಹಲಂತ ಚಿಹ್ನೆ ಬಂದರೆ ಎರಡನೆಯದನ್ನು ಒತ್ತಾಗಿ ಬರೆಯಬೇಕು ಎಂಬುದು ನಿಯಮ. ಬರೆಯುವ ಕೆಲಸ ಫಾಂಟಿನದು ಮತ್ತು ಅಕ್ಷರ ಜೋಡಿಸುವ ಹಾರ್ಫ್‌ಬಜ್‌ನಂಥ ತಂತ್ರಾಂಶದ್ದು. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡವನ್ನು ಜೋಡಿಸಿ ಕೊಡುವುದು ಇದೇ ಹಾರ್ಫ್‌ಬಜ್.

‘ಕರ್ನಾಟಕ’ ಎಂಬ ಪದವನ್ನೇ ತೆಗೆದುಕೊಂಡರೆ, ಕಣ್ಣಿಗೆ ಅದು ನಾಲ್ಕು ಅಕ್ಷರ. ಒಳಗೆ ಏಳು ಸಂಖ್ಯೆ: 3221, 3248, 3277, 3240, 3262, 3231, 3221. ಅಂದರೆ ಕ, ರ, ಹಲಂತ, ನ, ಇಳಿ, ಟ, ಕ. ಉಚ್ಚಾರದಲ್ಲಿ ನಕಾರಕ್ಕಿಂತ ಮೊದಲು ಬರುವ ರಕಾರ ಸಂಗ್ರಹದಲ್ಲೂ ಮೊದಲೇ ಇದೆ. ಪರದೆಯ ಮೇಲೆ ಮಾತ್ರ ಅದು ಅರ್ಕಾವೊತ್ತಾಗಿ ‘ನಾ’ದ ಆಚೆಗೆ ಹೋಗಿ ಕೂರುತ್ತದೆ. ಅರ್ಕಾವೊತ್ತನ್ನಷ್ಟೇ ಅಳಿಸೋಣವೆಂದು ಅದರ ಪಕ್ಕಕ್ಕೆ ಕರ್ಸರ್ ತಂದು ಬ್ಯಾಕ್‌ಸ್ಪೇಸ್ ಒತ್ತಿದರೆ ಹೋಗುವುದು ಇಳಿ. ಬರೆಯಲು ಕಲಿತ ಹೊಸತರಲ್ಲಿ ಬಹಳ ಜನರನ್ನು ತಬ್ಬಿಬ್ಬುಗೊಳಿಸುವ ಗಳಿಗೆ ಇದು.

‘ಸ್ತ್ರೀ’ ಎಂಬ ಒಂದೇ ಅಕ್ಷರ ಇನ್ನೂ ಸ್ವಾರಸ್ಯಕರ. ಒಳಗೆ ಅದು ಆರು ತುಣುಕು. ಬಹುತೇಕ ತಂತ್ರಾಂಶಗಳಲ್ಲಿ ಬ್ಯಾಕ್‌ಸ್ಪೇಸ್ ಒತ್ತುತ್ತ ಹೋದರೆ ಅದು ಸ್ತ್ರ, ಸ್ತ್, ಸ್ತ, ಸ್, ಸ ಎಂದು ಒಂದೊಂದೇ ಪದರ ಕಳಚಿಕೊಂಡು ಆರನೆಯ ಏಟಿಗೆ ಇಲ್ಲವಾಗುತ್ತದೆ. ಇದರಲ್ಲಿ ತೊಡಕಿಗಿಂತ ಅನುಕೂಲವೇ ಹೆಚ್ಚು. ದೀರ್ಘ ತಪ್ಪಿದ್ದರೆ ದೀರ್ಘವನ್ನಷ್ಟೇ ತಿದ್ದಬಹುದು, ಇಡೀ ಅಕ್ಷರವನ್ನು ಮತ್ತೆ ಕೀಲಿಸಬೇಕಿಲ್ಲ. ಮುಂದಿನಿಂದ ಅಳಿಸುವ ಡಿಲೀಟ್ ಕೀಲಿ ಸಾಮಾನ್ಯವಾಗಿ ಇಷ್ಟು ನಾಜೂಕಾಗಿ ನಡೆದುಕೊಳ್ಳುವುದಿಲ್ಲ. ಅದು ಗುಣಿತವನ್ನೂ ಸೇರಿಸಿ ಒಂದು ಗುಕ್ಕಿಗೆ ನುಂಗುತ್ತದೆ.

ಒಂದು ಅಕ್ಷರ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದಕ್ಕೂ ಯುನಿಕೋಡಿನಲ್ಲಿ ಲಿಖಿತ ನಿಯಮವಿದೆ. ಕರ್ಸರ್ ಎಲ್ಲಿ ನಿಲ್ಲಬೇಕು, ಪ್ಯಾರಾದ ಮೊದಲಕ್ಷರವನ್ನು ದೊಡ್ಡದಾಗಿ ತೋರಿಸುವಾಗ ಎಷ್ಟನ್ನು ಹಿಗ್ಗಿಸಬೇಕು ಎಂಬ ತೀರ್ಮಾನಗಳಿಗೆ ಈ ನಿಯಮವೇ ಆಧಾರ. ಬಹುಕಾಲ ಅದು ಹಲಂತದ ಬಳಿಯೇ ಗಡಿ ಹಾಕುತ್ತಿತ್ತು. ಅದರ ಲೆಕ್ಕದಲ್ಲಿ ಸ್ತ್ರೀ ಎಂದರೆ ಸ್, ತ್, ರೀ ಎಂಬ ಮೂರು ಅಕ್ಷರ. 2023ರಲ್ಲಿ ಬಂದ 15.1ನೇ ಆವೃತ್ತಿ ಒತ್ತಕ್ಷರಗಳನ್ನು ಒಡೆಯದಂತೆ ಹೊಸ ನಿಯಮ ಸೇರಿಸಿತು. ಆಗ ಆ ನಿಯಮಕ್ಕೆ ಒಳಪಟ್ಟದ್ದು ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಎಂಬ ಆರು ಲಿಪಿಗಳು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಅಕ್ಷರರೂಪದಲ್ಲಿ ಒಡಹುಟ್ಟಿದವರಂತಿರುವ ತೆಲುಗು ಪಟ್ಟಿಯಲ್ಲಿದ್ದು ಕನ್ನಡ ಹೊರಗುಳಿದದ್ದು ಕನ್ನಡದ ತಂತ್ರಜ್ಞರೂ ಭಾಷಾತಜ್ಞರೂ ಕೂತು ಗಮನಿಸಬೇಕಾದ ಸಂಗತಿ. ಇಂಥ ಪಟ್ಟಿಗಳಲ್ಲಿ ಏನಿದೆ ಎಂಬುದರ ಮೇಲೆಯೇ ಮುಂದೆ ಬರುವ ನೂರಾರು ತಂತ್ರಾಂಶಗಳ ನಡವಳಿಕೆ ನಿಂತಿರುತ್ತದೆ.

ಕಾಣದ ಎರಡು ಅಕ್ಷರಗಳು

‘ಸಾಫ್ಟ್‌ವೇರ್’ ಎಂದು ಸರಿಯಾಗಿ ಬರೆದು ಪ್ರಕಟಿಸಿದ ಪದ ಕೆಲವೊಮ್ಮೆ ಪುಟದ ಮೇಲೆ ‘ಸಾಫ್ಟ್ವೇರ್’ ಎಂದು ಕಾಣಿಸಿಕೊಳ್ಳುತ್ತದೆ. ‘ವೆಬ್‌ಸೈಟ್’ ‘ವೆಬ್ಸೈಟ್’ ಆಗುತ್ತದೆ. ಬರೆದವರದು ತಪ್ಪಿಲ್ಲ, ಓದುವವರು ಎಡವುತ್ತಾರೆ. ನಡುವೆ ಕಳೆದುಹೋದದ್ದು ಕಣ್ಣಿಗೇ ಕಾಣದ, ಅಗಲವೇ ಇಲ್ಲದ ಒಂದು ಅಕ್ಷರ. ತಾಂತ್ರಿಕ ಭಾಷೆಯಲ್ಲಿ ಅದರ ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್, ಸಂಖ್ಯೆ 8204. ಹಲಂತವಾದ ಮೇಲೆ ಅದು ಬಂದರೆ ಮುಂದಿನ ವ್ಯಂಜನ ಒತ್ತಾಗದೆ ಬಿಡಿಯಾಗಿ ನಿಲ್ಲುತ್ತದೆ. ಕನ್ನಡಕ್ಕೆ ಬಂದ ಇಂಗ್ಲಿಷ್ ಪದಗಳಿಗೆ ಈ ಬಿಡಿಸುವ ಅಕ್ಷರ ನಿತ್ಯವೂ ಬೇಕು. ಕೆಲವು ಕೀಲಿಮಣೆ ವಿನ್ಯಾಸಗಳಲ್ಲಿ ಹಲಂತದ ಕೀಲಿಯನ್ನು ಎರಡು ಸಲ ಒತ್ತಿದರೆ ಅದು ಬಂದು ಕೂರುತ್ತದೆ.

ಇದರ ಜೊತೆಗಾರ 8205, ಕೂಡಿಸುವ ಅಕ್ಷರ. ಪರೀಕ್ಷೆಯ ಫಲಿತಾಂಶದ ದಿನ ಎಲ್ಲ ಕಡೆ ಕಾಣುವ ‘ರ‍್ಯಾಂಕ್’ ಎಂಬ ಪದ ನಿಂತಿರುವುದು ಇದರ ಮೇಲೆ. ರ, ಹಲಂತ, ಯ ಎಂದಷ್ಟೇ ಕೀಲಿಸಿದರೆ ನಿಯಮದಂತೆ ರಕಾರ ಅರ್ಕಾವೊತ್ತಾಗಿ ‘ರ್ಯಾಂಕ್’ ಎಂದಾಗುತ್ತದೆ. ಸೂರ್ಯ, ಕಾರ್ಯ ಪದಗಳಲ್ಲಿ ಅದೇ ಸರಿ. ಪದದ ಮೊದಲಿಗೇ ಅರ್ಕಾವೊತ್ತು ಬರುವುದು ಕನ್ನಡದ ಕಣ್ಣಿಗೆ ಒಗ್ಗದು. ರಕಾರಕ್ಕೂ ಹಲಂತಕ್ಕೂ ನಡುವೆ 8205 ಸೇರಿಸಿದರೆ ರಕಾರ ಪೂರ್ಣರೂಪದಲ್ಲಿ ಉಳಿದು ಯಕಾರ ಅದರ ಒತ್ತಾಗುತ್ತದೆ. ‘ರ‍್ಯಾಲಿ’ಯೂ ಹೀಗೆಯೇ.

ತೊಂದರೆ ಶುರುವಾಗುವುದು ತಂತ್ರಾಂಶ ಈ ಕಾಣದಕ್ಷರಗಳನ್ನು ಕಸವೆಂದು ಭಾವಿಸಿದಾಗ. ಅಂತರಜಾಲದಲ್ಲಿ ಇವನ್ನು ವಂಚನೆಗೂ ಬಳಸಬಹುದು: ನೋಡಲು ಒಂದೇ ತೆರನಾದ ಎರಡು ಹೆಸರುಗಳನ್ನು ಸೃಷ್ಟಿಸಿ ಜನರನ್ನು ದಾರಿ ತಪ್ಪಿಸಬಹುದು. ಆ ಭಯದಿಂದಲೋ, ಬರಹವನ್ನು ‘ಸ್ವಚ್ಛ’ಗೊಳಿಸುವ ಉತ್ಸಾಹದಿಂದಲೋ ಕೆಲವು ವ್ಯವಸ್ಥೆಗಳು ಉಳಿಸುವ ಹೊತ್ತಿನಲ್ಲಿ ಅಗಲವಿಲ್ಲದ ಅಕ್ಷರಗಳನ್ನೆಲ್ಲ ಗುಡಿಸಿಬಿಡುತ್ತವೆ. ಇಂಗ್ಲಿಷ್ ಲೇಖನಕ್ಕೆ ಅದರಿಂದ ನಷ್ಟವಿಲ್ಲ. ಕನ್ನಡ ಲೇಖನದಲ್ಲಿ ಕಾಗುಣಿತವೇ ಕೆಡುತ್ತದೆ.

ಕಾಣುವ ಚಿಹ್ನೆಗಳಲ್ಲೂ ಜೋಡಿ ವೇಷಗಳಿವೆ. ಒತ್ವಕ್ಕೆ ಯುನಿಕೋಡಿನಲ್ಲಿ ತನ್ನದೇ ಒಂದು ಸಂಖ್ಯೆಯಿದೆ. ಎತ್ವ ಹಾಗೂ ಕೊಂಬಿನ ಇಳಿ ಎರಡನ್ನೂ ಒಂದರ ಮುಂದೊಂದು ಕೀಲಿಸಿದರೂ ‘ಕೊ’ ಎಂಬಂತೆಯೇ ಕಾಣಬಹುದು. ಒಂದು ದಾರಿಯಲ್ಲಿ ಎರಡು ತುಣುಕು, ಇನ್ನೊಂದರಲ್ಲಿ ಮೂರು. ಒಂದನ್ನು ಕೀಲಿಸಿ ಹುಡುಕಿದರೆ ಸರಳ ಹುಡುಕಾಟದಲ್ಲಿ ಇನ್ನೊಂದು ಸಿಗುವುದಿಲ್ಲ. ವಿಕಿಪೀಡಿಯದ ಮೀಡಿಯಾವಿಕಿ ತಂತ್ರಾಂಶ ಉಳಿಸುವ ಮುನ್ನ ಇವೆರಡನ್ನೂ ಒಂದೇ ರೂಪಕ್ಕೆ ತಂದುಬಿಡುತ್ತದೆ. ಎಲ್ಲ ತಂತ್ರಾಂಶಗಳೂ ಅಷ್ಟು ಕಾಳಜಿ ವಹಿಸುವುದಿಲ್ಲ.

ಆದರೆ ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಇರುವ ಗೊಂದಲವನ್ನು ಈ ಏರ್ಪಾಡೂ ಬಿಡಿಸದು. ಅನುಸ್ವಾರ 3202, ಅಂಕಿ 3302. ‘ಅಂಕ’ ಎಂಬಲ್ಲಿ ‘ಅ೦ಕ’ ಎಂದು ಅಂಕಿಯನ್ನು ಕೀಲಿಸಿದರೆ ಹಲವು ಫಾಂಟುಗಳಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಓದುಗರು ಸಲೀಸಾಗಿ ಓದುತ್ತಾರೆ. ಹುಡುಕುವ ಯಂತ್ರ ಅದನ್ನು ಬೇರೆಯದೇ ಪದವೆಂದು ದಾಟಿ ಹೋಗುತ್ತದೆ. ಅಂತರಜಾಲದ ಹಳೆಯ ಕನ್ನಡ ಬರಹಗಳಲ್ಲಿ ಈ ತಪ್ಪು ಹೇರಳವಾಗಿದೆ.

ಕಡತದೊಳಗಿನ ವೇಷ

ಹಳೆಯ ಬರಹಗಳ ಕಥೆ ಇನ್ನೂ ಆಳದ್ದು. ಕಂಪ್ಯೂಟರುಗಳಿಗೆ ಯುನಿಕೋಡ್ ಕನ್ನಡ ತೋರಿಸುವ ಶಕ್ತಿ ಬರುವ ಮೊದಲು ಕನ್ನಡಿಗರು ಸುಮ್ಮನೆ ಕೂರಲಿಲ್ಲ. ಕೆ.ಪಿ. ರಾವ್ ಅವರು ಧ್ವನಿಯನ್ನು ಆಧರಿಸಿ ರೂಪಿಸಿದ ಕೀಲಿಮಣೆ, 1998ರಲ್ಲಿ ಬಂದ ‘ಬರಹ’ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ನುಡಿ, ಮುದ್ರಣಾಲಯಗಳ ಶ್ರೀಲಿಪಿ, ಇವು ಒಂದು ಇಡೀ ತಲೆಮಾರಿಗೆ ಕನ್ನಡದಲ್ಲಿ ಕೆಲಸ ಮಾಡುವ ದಾರಿ ತೋರಿಸಿದವು. ಆಗಿನ ಉಪಾಯ ಸರಳ: ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ಉಳಿಸಿಕೊಂಡು, ಫಾಂಟಿನಲ್ಲಿ ಮಾತ್ರ ಅವುಗಳ ಆಕಾರವನ್ನು ಕನ್ನಡಕ್ಕೆ ಬದಲಿಸುವುದು.

ಹೀಗಾಗಿ ಹಳೆಯ ನುಡಿ ಕಡತವೊಂದರಲ್ಲಿ ‘ಕನ್ನಡ’ ಎಂಬ ಪದ ನಿಜಕ್ಕೂ ಕನ್ನಡವಲ್ಲ. ಅದು ದೊಡ್ಡ ‘ಪಿ’, ತಲೆಯ ಮೇಲೆ ಓರೆಗೆರೆಯಿರುವ ‘ಎ’, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಎರಡು ಸಕಾರದ ಅಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಮ್ಮೆ ಅದೇ ‘ಎ’. ನುಡಿ ಫಾಂಟ್ ಇರುವ ಕಂಪ್ಯೂಟರಿನಲ್ಲಿ ಕನ್ನಡವಾಗಿ ಕಾಣುವ ಬರಹ ಬ್ರೌಸರಿನೊಳಗೆ ಅಂಟಿಸಿದ ಕೂಡಲೇ ಈ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಇಂದಿಗೂ ಹಲವು ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ ಆ ಕಡತಗಳಿವೆ. ಅವನ್ನು ಯುನಿಕೋಡಿಗೆ ತರುವ ಪರಿವರ್ತಕಗಳಿವೆ, ಉಚಿತವಾಗಿಯೂ ಸಿಗುತ್ತವೆ. ಹಳೆಯ ವ್ಯವಸ್ಥೆಯಲ್ಲಿ ಅಕ್ಷರವನ್ನು ಕಂಡ ಕ್ರಮದಲ್ಲಿ ಇಡುತ್ತಿದ್ದರು, ಯುನಿಕೋಡಿನಲ್ಲಿ ಉಚ್ಚರಿಸುವ ಕ್ರಮದಲ್ಲಿ ಇಡಬೇಕು. ಅರ್ಕಾವೊತ್ತನ್ನು ಹಿಂದಕ್ಕೆ ತರಬೇಕು, ಒಡೆದು ಕೂತ ಒತ್ವವನ್ನು ಒಂದಾಗಿಸಬೇಕು. ಪರಿವರ್ತಕ ಮುಗಿಸಿದ ಮೇಲೆ ಮನುಷ್ಯರು ಕರಡು ತಿದ್ದಲೇಬೇಕಾಗುವುದು ಇದಕ್ಕೇ.

ಕಂಡಂತೆಯೇ ಸಿಗುವ ಬರಹ

ಬರೆಯುವಾಗ ಪರದೆಯ ಮೇಲೆ ಹೇಗೆ ಕಾಣುತ್ತದೋ ಮುದ್ರಣದಲ್ಲೂ ಹಾಗೆಯೇ ಬರಬೇಕು ಎಂಬ ಕನಸು ಮೊದಲು ಕೈಗೂಡಿದ್ದು ಅಮೆರಿಕದ ಕ್ಯಾಲಿಫೋರ್ನಿಯದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ. ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತು ಸಂಗಡಿಗರು 1974ರಲ್ಲಿ ರೂಪಿಸಿದ ಬ್ರಾವೊ ಎಂಬ ತಂತ್ರಾಂಶದಲ್ಲಿ ದಪ್ಪಕ್ಷರ ದಪ್ಪವಾಗಿಯೇ, ಓರೆಯಕ್ಷರ ಓರೆಯಾಗಿಯೇ ಕಾಣುತ್ತಿತ್ತು. ಅದರ ಬೆನ್ನಿಗೇ ಅಲ್ಲಿಯೇ ಲ್ಯಾರಿ ಟೆಸ್ಲರ್ ಮತ್ತು ಟಿಮ್ ಮಾಟ್ ಜಿಪ್ಸಿ ಎಂಬ ಇನ್ನೊಂದು ಸಾಧನ ಕಟ್ಟಿದರು. ಕತ್ತರಿಸು, ನಕಲಿಸು, ಅಂಟಿಸು ಎಂಬ ಮೂರು ಆಜ್ಞೆಗಳು ಬೆಳೆದದ್ದು ಟೆಸ್ಲರ್ ಕೈಯಲ್ಲಿ. ಪ್ರಕಟಣಾಲಯದ ಸಂಪಾದಕರು ಕತ್ತರಿ, ಗೋಂದು ಹಿಡಿದು ಹಾಳೆಗಳ ಮೇಲೆ ಮಾಡುತ್ತಿದ್ದ ಕೆಲಸವೇ ಪರದೆಗೆ ಇಳಿಯಿತು. ಸಿಮೋನಿ ಮುಂದೆ ಮೈಕ್ರೋಸಾಫ್ಟ್ ಸೇರಿದರು. ವರ್ಡ್ ತಂತ್ರಾಂಶದ ಬೇರು ಬ್ರಾವೊದಲ್ಲಿದೆ.

1990ರ ಕೊನೆಗೆ ಜಿನೀವಾ ಬಳಿಯ ಸರ್ನ್ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಕಟ್ಟಿದ ಮೊಟ್ಟಮೊದಲ ಬ್ರೌಸರ್ ಓದುವ ಸಾಧನವಷ್ಟೇ ಆಗಿರಲಿಲ್ಲ, ತಿದ್ದುವ ಸಾಧನವೂ ಆಗಿತ್ತು. ನಂತರ ಜನಪ್ರಿಯವಾದ ಬ್ರೌಸರುಗಳು ಓದುವುದನ್ನಷ್ಟೇ ಉಳಿಸಿಕೊಂಡವು. ಪುಟದೊಳಗೇ ಕೂತು ಬರೆಯುವ ಅನುಕೂಲ ಮರಳಿ ಬಂದದ್ದು 2000ದಲ್ಲಿ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5.5ರ ಮೂಲಕ. ಅದುವರೆಗೆ, ಆಮೇಲೂ ಬಹುಕಾಲ, ಅಂತರಜಾಲದಲ್ಲಿ ಬರೆಯುವವರು ಸಂಕೇತಗಳನ್ನು ಕಲಿಯಬೇಕಿತ್ತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದ ಮೊದಲ ದಶಕದ ಲೇಖಕರೆಲ್ಲ ಹೀಗೆಯೇ ಬರೆದವರು: ಪದದ ಎರಡೂ ಬದಿಗೆ ಮೂರು ಮೂರು ಅಪಾಸ್ಟ್ರಫಿ ಇಟ್ಟರೆ ದಪ್ಪಕ್ಷರ, ಎರಡೆರಡು ಇಟ್ಟರೆ ಓರೆ, ಸಾಲಿನ ಎರಡು ತುದಿಗೂ ಎರಡೆರಡು ಸಮ ಚಿಹ್ನೆ ಇಟ್ಟರೆ ಉಪಶೀರ್ಷಿಕೆ. ಇದೇ ಜಾಡಿನಲ್ಲಿ ಜಾನ್ ಗ್ರೂಬರ್ 2004ರಲ್ಲಿ ಮಾರ್ಕ್‌ಡೌನ್ ಎಂಬ ಸಂಕೇತಪದ್ಧತಿ ರೂಪಿಸಿದರು. 2013ರಲ್ಲಿ ವಿಕಿಪೀಡಿಯಗಳಿಗೆ, ಸಂಕೇತಗಳಿಲ್ಲದೆ ಕಂಡಂತೆಯೇ ತಿದ್ದುವ ವಿಶುವಲ್ ಎಡಿಟರ್ ಬಂತು. 2018ರ ಡಿಸೆಂಬರಿನಲ್ಲಿ ವರ್ಡ್‌ಪ್ರೆಸ್ ತನ್ನ 5.0 ಆವೃತ್ತಿಯೊಂದಿಗೆ ಗುಟೆನ್‌ಬರ್ಗ್ ಎಂಬ ತಿದ್ದುಪುಟ ತಂದು, ಪ್ರತಿ ಪ್ಯಾರಾ, ಚಿತ್ರ, ಶೀರ್ಷಿಕೆಯನ್ನೂ ಬೇರೆ ಬೇರೆ ಇಟ್ಟಿಗೆಯಂತೆ ಕಂಡಿತು.

ಸಂಕೇತ ಕಲಿತವರಿಗೆ ಒಂದು ಲಾಭವಿತ್ತು. ಸಮ ಚಿಹ್ನೆಯನ್ನು ಕೀಲಿಸುವಾಗಲೇ ‘ಇದು ಉಪಶೀರ್ಷಿಕೆ’ ಎಂದು ಮನಸ್ಸಿನಲ್ಲಿ ನಿರ್ಧಾರವಾಗುತ್ತಿತ್ತು. ಗುಂಡಿ ಒತ್ತಿ ಅಂದಗೊಳಿಸುವಾಗ ಆ ನಿರ್ಧಾರ ತಪ್ಪಿಹೋಗುವುದುಂಟು. ಸಾಲನ್ನು ದಪ್ಪ ಮಾಡಿ, ಗಾತ್ರ ಹೆಚ್ಚಿಸಿ, ಬಣ್ಣ ಹಚ್ಚಿದರೆ ಕಣ್ಣಿಗೆ ಅದು ಶೀರ್ಷಿಕೆಯೇ. ಕಂಪ್ಯೂಟರಿಗೆ ಮಾತ್ರ ಅದು ಅಲಂಕಾರ ಮಾಡಿಕೊಂಡ ಒಂದು ಮಾಮೂಲಿ ಪ್ಯಾರಾ. ವಿಕಿಪೀಡಿಯದ ಪರಿವಿಡಿ ತಾನಾಗಿ ಸಿದ್ಧವಾಗುವುದು ನಿಜವಾದ ಶೀರ್ಷಿಕೆಗಳಿಂದ. ದಪ್ಪಕ್ಷರದ ಸಾಲು ಅಲ್ಲಿಗೆ ಸೇರುವುದಿಲ್ಲ.

ಇದರ ನಿಜವಾದ ಬೆಲೆ ತೆರುವವರು ಕಣ್ಣು ಕಾಣದ ಓದುಗರು. ಅವರ ಕಂಪ್ಯೂಟರಿನಲ್ಲಿ ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವಿರುತ್ತದೆ. ಆಸ್ಟ್ರೇಲಿಯದ ಮೈಕೇಲ್ ಕರ್ರನ್ ಮತ್ತು ಜೇಮ್ಸ್ ಟೆ, ಇಬ್ಬರೂ ಸ್ವತಃ ಅಂಧರು, ಕಟ್ಟಿದ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ, ಇ-ಸ್ಪೀಕ್ ಎಂಬ ಧ್ವನಿಯಂತ್ರದ ಮೂಲಕ ಕನ್ನಡವನ್ನೂ ಓದುತ್ತದೆ. ಅದರಲ್ಲಿ ‘ಎಚ್’ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಜಿಗಿಯಬಹುದು. ಕಣ್ಣಿದ್ದವರು ಪುಟದ ಮೇಲೆ ಒಮ್ಮೆ ದೃಷ್ಟಿ ಹಾಯಿಸಿ ಬೇಕಾದ ಭಾಗಕ್ಕೆ ಹೋಗುವಂತೆ, ಅವರು ಈ ಕೀಲಿಯಿಂದ ಹೋಗುತ್ತಾರೆ. ಇಡೀ ಲೇಖನದಲ್ಲಿ ಒಂದೂ ನಿಜವಾದ ಶೀರ್ಷಿಕೆ ಇಲ್ಲದಿದ್ದರೆ ಮೊದಲ ಸಾಲಿನಿಂದ ಕೊನೆಯವರೆಗೂ ಕೇಳಿಸಿಕೊಳ್ಳುವುದೊಂದೇ ಅವರಿಗೆ ಉಳಿಯುವ ದಾರಿ. ಬರೆಯುವವರು ಪಟ್ಟಿಯಿಂದ ‘ಶೀರ್ಷಿಕೆ 2’ ಎಂಬುದನ್ನು ಆರಿಸಲು ಬೇಕಾಗುವುದು ಎರಡು ಕ್ಲಿಕ್ ಮಾತ್ರ.

ದಪ್ಪ, ಓರೆ, ಅಡಿಗೆರೆ

ಬಹುತೇಕ ತಿದ್ದುಪುಟಗಳ ಮೇಲ್ಪಟ್ಟಿಯಲ್ಲಿ ಮೊದಲು ಕಾಣುವ ಮೂರು ಗುಂಡಿಗಳು ಬಿ, ಐ, ಯು. ಇವು ಹುಟ್ಟಿದ್ದು ರೋಮನ್ ಲಿಪಿಯ ಪರಂಪರೆಯಲ್ಲಿ. ಆ ಲಿಪಿಯಲ್ಲಿ ಓರೆಯಕ್ಷರ ಎಂಬುದು ಐದು ಶತಮಾನಗಳ ಇತಿಹಾಸವಿರುವ ಪ್ರತ್ಯೇಕ ಅಕ್ಷರಶೈಲಿ, ಕೈಬರಹದಿಂದ ಬಂದದ್ದು. ಕನ್ನಡದ ಅಚ್ಚುಮೊಳೆಗಳ ಕಾಲದಲ್ಲಿ ಅಂಥ ಪ್ರತ್ಯೇಕ ಶೈಲಿ ನೆಲೆಗೊಳ್ಳಲಿಲ್ಲ. ಇಂದು ‘ಐ’ ಗುಂಡಿ ಒತ್ತಿದರೆ ಹೆಚ್ಚಿನ ಕನ್ನಡ ಫಾಂಟುಗಳಲ್ಲಿ ಆಗುವುದು ಇಷ್ಟೇ: ತಂತ್ರಾಂಶ ನೇರ ಅಕ್ಷರವನ್ನೇ ಹಿಡಿದು ಬಲಕ್ಕೆ ವಾಲಿಸುತ್ತದೆ. ದುಂಡಗಿನ ಹೊಟ್ಟೆಗಳು ಸೊಟ್ಟಗಾಗುತ್ತವೆ, ಒತ್ತುಗಳು ತಮ್ಮ ಅಕ್ಷರದಡಿಯಿಂದ ಸರಿದಂತೆ ಕಾಣುತ್ತವೆ. ಪುಸ್ತಕದ ಹೆಸರು, ಉದ್ಧರಣೆಗಳಿಗೆ ಕನ್ನಡ ಪತ್ರಿಕೆಗಳು ಒಂಟಿ ಉದ್ಧರಣ ಚಿಹ್ನೆಯನ್ನು ನೆಚ್ಚಿಕೊಂಡು ಬಂದಿರುವುದು ಬಲ್ಲವರ ಆಯ್ಕೆ.

ದಪ್ಪಕ್ಷರದ ಸ್ಥಿತಿ ಇದಕ್ಕಿಂತ ಮೇಲು. ನೋಟೊ ಸಾನ್ಸ್ ಕನ್ನಡದಂಥ ಫಾಂಟುಗಳಲ್ಲಿ ದಪ್ಪ ಅಕ್ಷರಗಳನ್ನು ಬೇರೆಯಾಗಿಯೇ ಬಿಡಿಸಿದ್ದಾರೆ. ದಪ್ಪರೂಪ ಇಲ್ಲದ ಫಾಂಟಿನಲ್ಲಿ ತಂತ್ರಾಂಶ ಇರುವ ಅಕ್ಷರಕ್ಕೇ ಸುತ್ತಲೂ ಮಸಿ ಬಳಿಯುತ್ತದೆ. ಆಗ ಮೊದಲು ಮುಚ್ಚಿಹೋಗುವುದು ಸಣ್ಣ ಕಿಂಡಿಗಳು. ‘ಥ’ ಮತ್ತು ‘ಧ’ ಅಕ್ಷರಗಳ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ ಮಾತ್ರ. ಫೋನಿನ ಸಣ್ಣ ಪರದೆಯಲ್ಲಿ ಆ ಚುಕ್ಕೆ ಮಸಿಯಲ್ಲಿ ಮುಳುಗಿದರೆ ಕಥೆ ಯಾವುದು, ಕಧೆ ಯಾವುದು ಎಂದು ಕಣ್ಣು ತಡಕಾಡುತ್ತದೆ.

ಅಡಿಗೆರೆಯೂ ಒತ್ತಕ್ಷರಗಳೂ ಒಂದೇ ಜಾಗಕ್ಕೆ ಜಗಳವಾಡುತ್ತವೆ. ರೋಮನ್ ಸಾಲಿನ ಕೆಳಗೆ ಖಾಲಿಯಿರುವ ಜಾಗ ಕನ್ನಡದಲ್ಲಿ ಒತ್ತುಗಳ ಮನೆ. ಈಗಿನ ಬ್ರೌಸರುಗಳು ಅಕ್ಷರ ಅಡ್ಡ ಬಂದಲ್ಲೆಲ್ಲ ಗೆರೆಯನ್ನು ತುಂಡರಿಸುವುದರಿಂದ ‘ಅಸ್ತಿತ್ವ’ದಂಥ ಪದದ ಅಡಿಗೆರೆ ಹರಿದ ದಾರದಂತಾಗುತ್ತದೆ. ಸಾಲುಗಳ ನಡುವಿನ ಅಂತರದ ಪ್ರಶ್ನೆಯೂ ಇದೇ. ಇಂಗ್ಲಿಷಿಗೆ ಸಾಕಾಗುವ ಅಂತರದಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಿದ್ಧ ವಿನ್ಯಾಸವೊಂದನ್ನು ಆರಿಸಿ ಕನ್ನಡ ತುಂಬುವವರು ಮೊದಲು ಹೆಚ್ಚಿಸಬೇಕಾದದ್ದು ಈ ಅಂತರವನ್ನು.

ಎರಡೂ ಅಂಚು ಸಮನಾಗಿಸುವ ಗುಂಡಿ ಪುಸ್ತಕದ ಅಂದ ತರುತ್ತದೆಂಬ ಆಸೆ ಹುಟ್ಟಿಸುತ್ತದೆ. ‘ಮಾಡಬೇಕಾಗಿರುವುದರಿಂದ’ ಎಂಬಷ್ಟು ಉದ್ದದ ಪದಗಳು ಸಹಜವಾಗಿರುವ ಭಾಷೆಯಲ್ಲಿ, ಫೋನಿನ ಅಗಲದಲ್ಲಿ, ಒಂದು ಸಾಲಿಗೆ ಎರಡೋ ಮೂರೋ ಪದ ಹಿಡಿಸುತ್ತವೆ. ಉಳಿದ ಜಾಗವನ್ನೆಲ್ಲ ಅವುಗಳ ನಡುವೆ ಹಂಚಿದಾಗ ಸಾಲಿನಲ್ಲಿ ಹೊಂಡ ಬೀಳುತ್ತದೆ. ಎಡಕ್ಕೆ ಜೋಡಿಸಿ ಬಲವನ್ನು ಹಾಗೆಯೇ ಬಿಟ್ಟರೆ ಓದು ಸರಾಗ.

ಒತ್ತಕ್ಷರವನ್ನಷ್ಟೇ ಕೆಂಪು ಬಣ್ಣದಲ್ಲಿ ತೋರಿಸಿ ಮಕ್ಕಳಿಗೆ ಕಲಿಸಬೇಕೆಂದು ಪ್ರಾಥಮಿಕ ಶಾಲೆಯ ಶಿಕ್ಷಕರೊಬ್ಬರು ಬಯಸಿದರೆ ಅದು ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಕ್ಷಣದ ಕೆಲಸ. ಆನ್‌ಲೈನ್ ತಿದ್ದುಪುಟದಲ್ಲಿ ಅದು ಸುಲಭವಲ್ಲ. ಒಂದೇ ಅಕ್ಷರದ ನಡುವೆ ಬಣ್ಣದ ಗಡಿ ಹಾಕಿದಾಗ ಕೆಲವೆಡೆ ಒತ್ತು ಕಳಚಿ ಬೀಳುತ್ತದೆ, ಕೆಲವೆಡೆ ಇಡೀ ಅಕ್ಷರ ಒಂದೇ ಬಣ್ಣ ತಳೆಯುತ್ತದೆ. ಕನ್ನಡ ಕಲಿಸುವವರ ಈ ಸಣ್ಣ ಅಗತ್ಯ ತಂತ್ರಾಂಶ ಕಟ್ಟುವವರ ಕಿವಿಗೆ ಬೀಳಬೇಕು.

ಅಂಟಿಸುವ ಮುನ್ನ

ಬೇರೆಡೆ ಬರೆದು ತಂದು ಅಂಟಿಸುವುದು ಎಲ್ಲರ ಅಭ್ಯಾಸ. ವರ್ಡ್ ಕಡತದಿಂದ ನಕಲು ಮಾಡಿದಾಗ ಕಂಪ್ಯೂಟರ್ ಒಂದೇ ಬರಹವನ್ನು ಹಲವು ರೂಪಗಳಲ್ಲಿ ಎತ್ತಿಟ್ಟುಕೊಳ್ಳುತ್ತದೆ: ಬರಿಯ ಅಕ್ಷರಗಳಾಗಿ ಒಂದು, ಫಾಂಟು, ಬಣ್ಣ, ಅಂತರಗಳ ಸಮೇತ ಇನ್ನೊಂದು. ಅಂಟಿಸಿಕೊಳ್ಳುವ ತಂತ್ರಾಂಶ ಸಾಮಾನ್ಯವಾಗಿ ಎತ್ತಿಕೊಳ್ಳುವುದು ಎರಡನೆಯದನ್ನು. ಹಾಗಾಗಿಯೇ ಒಂದೇ ಲೇಖನದಲ್ಲಿ ಮೂರು ಪ್ಯಾರಾ ಒಂದು ಗಾತ್ರದಲ್ಲಿ, ನಾಲ್ಕನೆಯದು ಇನ್ನೊಂದರಲ್ಲಿ ಇರುತ್ತದೆ. ಕಂಟ್ರೋಲ್ ಮತ್ತು ಶಿಫ್ಟ್ ಜೊತೆಗೆ ‘ವಿ’ ಒತ್ತಿದರೆ ಹೆಚ್ಚಿನ ಬ್ರೌಸರುಗಳಲ್ಲಿ ಅಕ್ಷರಗಳು ಮಾತ್ರ ಬರುತ್ತವೆ. ಶೀರ್ಷಿಕೆ, ಪಟ್ಟಿ, ದಪ್ಪಕ್ಷರಗಳನ್ನು ಆಮೇಲೆ ಅಲ್ಲಿಯೇ ಕೊಡಬೇಕಾಗುತ್ತದೆ. ಐದು ನಿಮಿಷ ಹೆಚ್ಚು ಹಿಡಿದರೂ ಪುಟ ಒಂದೇ ಹದದಲ್ಲಿ ನಿಲ್ಲುತ್ತದೆ.

ವಿಭಕ್ತಿಯ ಹಾದಿ

ಕಥೆಯ ರಾಮನಂತೆ ಊರಿನ ಹೆಸರನ್ನು ‘ಹುಡುಕಿ, ಬದಲಿಸಿ’ ಸೌಲಭ್ಯದಿಂದ ಬದಲಿಸಹೊರಟರೆ ವಿಭಕ್ತಿಯೂ ಅಡ್ಡ ಬರುತ್ತದೆ. ಊರುಗಳ ಹೆಸರು ಬದಲಾದ ಉದಾಹರಣೆ ಕರ್ನಾಟಕದ್ದೇ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಅಧಿಕೃತವಾಗಿ ಬದಲಾಯಿತು. ಬೆಂಗಳೂರು, ಮೈಸೂರಿನಂಥ ಹೆಸರುಗಳಲ್ಲಿ ಬದಲಾದದ್ದು ಇಂಗ್ಲಿಷ್ ಕಾಗುಣಿತ ಮಾತ್ರ. ಗುಲ್ಬರ್ಗಾ ಕಲಬುರಗಿಯಾದದ್ದು, ಬಿಜಾಪುರ ವಿಜಯಪುರವಾದದ್ದು ಕನ್ನಡದ ಪುಟಗಳನ್ನೂ ತಟ್ಟಿತು.

‘ಬಿಜಾಪುರ’ವನ್ನು ‘ವಿಜಯಪುರ’ ಮಾಡಿದರೆ ‘ಬಿಜಾಪುರದಲ್ಲಿ’ ಎಂಬುದು ‘ವಿಜಯಪುರದಲ್ಲಿ’ ಎಂದು ತಾನಾಗಿ ಸರಿಹೋಗುತ್ತದೆ, ಎರಡೂ ಅಕಾರಾಂತ. ‘ಗುಲ್ಬರ್ಗಾದಲ್ಲಿ’ ಎಂಬುದು ‘ಕಲಬುರಗಿದಲ್ಲಿ’ ಆಗುತ್ತದೆ, ಬೇಕಾದದ್ದು ‘ಕಲಬುರಗಿಯಲ್ಲಿ’. ಸಾಲದ್ದಕ್ಕೆ ಹಳೆಯ ಬರಹಗಳಲ್ಲಿ ಗುಲ್ಬರ್ಗ, ಗುಲ್ಬರ್ಗಾ, ಗುಲಬರ್ಗಾ ಎಂಬ ಮೂರು ಕಾಗುಣಿತಗಳಿವೆ. ಇನ್ನು ಬದಲಿಸಬಾರದ ಕಡೆಗಳೂ ಇವೆ. ಗುಲಬರ್ಗಾ ವಿಶ್ವವಿದ್ಯಾಲಯ ಅದೇ ಹೆಸರನ್ನು ಉಳಿಸಿಕೊಂಡಿದೆ. ಛತ್ತೀಸಗಡದಲ್ಲಿಯೂ ಬಿಜಾಪುರ ಎಂಬ ಜಿಲ್ಲೆಯಿದೆ. ಅಲ್ಲಿನ ಸುದ್ದಿಯನ್ನು ವಿಜಯಪುರಕ್ಕೆ ತಂದರೆ ನೂರಾರು ಮೈಲಿಯಷ್ಟು ಗೊಂದಲ. ‘ಎಲ್ಲವನ್ನೂ ಬದಲಿಸು’ ಎಂಬ ಗುಂಡಿಯ ಪಕ್ಕದಲ್ಲಿರುವ ‘ಮುಂದಿನದು’ ಎಂಬ ಗುಂಡಿ ಇರುವುದು ಇಂಥ ಕೆಲಸಕ್ಕೆ. ಒಂದೊಂದನ್ನೇ ಕಂಡು, ಓದಿ, ಬದಲಿಸುತ್ತ ಹೋಗಬೇಕು.

ಹುಡುಕುವುದರಲ್ಲೂ ವ್ಯಾಕರಣ ಬೇಕು. ‘ಮೈಸೂರು’ ಎಂದು ಹುಡುಕಿದರೆ ‘ಮೈಸೂರಿನಲ್ಲಿ’, ‘ಮೈಸೂರಿಗೆ’ ಸಿಗುವುದಿಲ್ಲ. ಕೊನೆಯ ಕೊಂಬನ್ನು ಬಿಟ್ಟು ‘ಮೈಸೂರ’ ಎಂದು ಹುಡುಕಿದರೆ ಎಲ್ಲವೂ ಸಿಗುತ್ತವೆ. ವಿಕಿಪೀಡಿಯದಲ್ಲಿ ಕೊಂಡಿ ಹಾಕುವವರಿಗೆ ಇದು ನಿತ್ಯದ ಅನುಭವ. ಲೇಖನದ ಹೆಸರು ‘ಮೈಸೂರು’, ವಾಕ್ಯಕ್ಕೆ ಬೇಕಾದದ್ದು ‘ಮೈಸೂರಿನಲ್ಲಿ’. ಎರಡು ಚೌಕ ಕಂಸಗಳೊಳಗೆ ಮೊದಲು ಲೇಖನದ ಹೆಸರು, ನಂತರ ಒಂದು ನೆಟ್ಟಗಿನ ಗೆರೆ, ಅದರಾಚೆ ವಿಭಕ್ತಿ ಸೇರಿದ ರೂಪ ಬರೆದರೆ ಕೊಂಡಿಯೂ ಸರಿ, ವಾಕ್ಯವೂ ಸರಿ. ಕನ್ನಡ ಲಿಪಿಯಲ್ಲೇ ಬರೆಯುವ, 2016ರಲ್ಲಿ ಆರಂಭವಾದ ತುಳು ವಿಕಿಪೀಡಿಯದವರೂ ಇದೇ ದಾರಿ ಹಿಡಿದಿದ್ದಾರೆ.

ಇನ್ನೊಬ್ಬರು ಓದುವವರೆಗೆ

ಅಚ್ಚುಮೊಳೆಯ ಕಾಲದಲ್ಲಿ ಕರಡು ತಿದ್ದುವವರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಿದ್ದರು. 2014ರಲ್ಲಿ ಗೂಗಲ್ ಡಾಕ್ಸ್‌ಗೆ ಬಂದ ‘ಸಲಹೆ’ ವಿಧಾನ ಆ ಅಂಚನ್ನು ಪರದೆಗೆ ತಂದಿತು: ತಿದ್ದುವವರು ಮೂಲವನ್ನು ಅಳಿಸದೆ ಸೂಚಿಸುತ್ತಾರೆ, ಬರೆದವರು ಒಪ್ಪುತ್ತಾರೆ ಅಥವಾ ಬಿಡುತ್ತಾರೆ. ವಿಕಿಪೀಡಿಯದ ಪ್ರತಿ ಪುಟದ ‘ಇತಿಹಾಸ’ದಲ್ಲಿ ಹಿಂದಿನ ಎಲ್ಲ ರೂಪಗಳೂ ಇರುತ್ತವೆ, ಎರಡನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಕೆಲವೊಮ್ಮೆ ಅಲ್ಲಿ ಒಂದು ಪದ ಬದಲಾಗಿದೆ ಎಂದು ಬಣ್ಣ ತೋರಿಸುತ್ತದೆ. ಎಡಕ್ಕೂ ಬಲಕ್ಕೂ ಅದೇ ಪದ, ಅದೇ ಅಕ್ಷರ. ಅನುಸ್ವಾರದ ಜಾಗದಲ್ಲಿದ್ದ ಅಂಕಿಯನ್ನೋ ಕಳೆದುಹೋದ ಕಾಣದಕ್ಷರವನ್ನೋ ಯಾರೋ ಸರಿಪಡಿಸಿರುತ್ತಾರೆ.

ಕರಡು ತಿದ್ದುವ ಈ ಕೆಲಸದ ಅಚ್ಚುಕಟ್ಟು ಪೂರ್ಣವಾಗಿ ಕಾಣುವುದು ಪುಸ್ತಕಗಳನ್ನು ಅಂತರಜಾಲಕ್ಕೆ ತರುವ ಕನ್ನಡ ವಿಕಿಸೋರ್ಸ್‌ನಲ್ಲಿ. ಮೈಸೂರು ವಿಶ್ವವಿದ್ಯಾನಿಲಯ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟ ಕನ್ನಡ ವಿಶ್ವಕೋಶದ ಬರಹಗಳೂ ಅಲ್ಲಿವೆ. ಪುಟಪುಟವಾಗಿ ಕರಡು ತಿದ್ದುವ ಪುಸ್ತಕಗಳಲ್ಲಿ ಒಂದು ಬದಿಗೆ ಮೂಲ ಹಾಳೆಯ ಚಿತ್ರ, ಇನ್ನೊಂದು ಬದಿಗೆ ಯಂತ್ರ ಓದಿ ಕೊಟ್ಟ ಅಕ್ಷರಗಳು. ಯಂತ್ರ ‘ಘ’ವನ್ನು ‘ಫ’ ಎಂದಿರುತ್ತದೆ, ಥಕಾರದ ಚುಕ್ಕೆಯನ್ನು ಬೇಡದಲ್ಲಿ ಸೇರಿಸಿರುತ್ತದೆ ಅಥವಾ ಬೇಕಾದಲ್ಲಿ ಬಿಟ್ಟಿರುತ್ತದೆ. ಸ್ವಯಂಸೇವಕರು ಚಿತ್ರವನ್ನೂ ಬರಹವನ್ನೂ ಸಾಲುಸಾಲಾಗಿ ಹೋಲಿಸಿ ತಿದ್ದುತ್ತಾರೆ. ತಿದ್ದದ ಪುಟದ ಗುರುತು ಕೆಂಪು, ಒಬ್ಬರು ತಿದ್ದಿ ಮುಗಿಸಿದರೆ ಹಳದಿ. ಹಸಿರಾಗಬೇಕಾದರೆ ಇನ್ನೊಬ್ಬರು ಬಂದು ಅದೇ ಪುಟವನ್ನು ಮತ್ತೆ ಮೊದಲಿನಿಂದ ಓದಿ ಒಪ್ಪಬೇಕು. ಮೊದಲು ತಿದ್ದಿದವರೇ ಹಸಿರು ಗುರುತು ಹಾಕಲು ತಂತ್ರಾಂಶ ಬಿಡುವುದಿಲ್ಲ. ಎಷ್ಟೇ ಚೆನ್ನಾಗಿ ತಿದ್ದಿದ್ದರೂ ಆ ಪುಟ, ಬೇರೆ ಯಾರಾದರೂ ಕೂತು ಓದುವವರೆಗೆ, ಹಳದಿಯಾಗಿಯೇ ಇರುತ್ತದೆ.